ಫ್ರೇಜರ್ ಟೌನ್ ನೋಡೋಕೆ ಹೊರಟಿದ್ದೀರಾ? ಮೊದಲು ಮನೆಗಳ ಪಾಯ ನೋಡಿ

ಫ್ರೇಜರ್ ಟೌನ್ ಅಂದರೆ ಬೆಂಗಳೂರಿನ ಬಹಳ ಜನಕ್ಕೆ ನೆನಪಾಗುವುದು ಊಟ. ರಂಜಾನ್ ತಿಂಗಳ ಸಂಜೆ, ಹಲೀಮ್, ಬಿಸಿ ಸಮೋಸ, ಕಾಲಿಡೋಕೆ ಜಾಗ ಇಲ್ಲದ ಮಾಸ್ಕ್ ರೋಡ್. ತಿಂದು, ಕೈ ತೊಳೆದು, ಆಟೋ ಹತ್ತಿ ವಾಪಸ್ ಬರುತ್ತೇವೆ. ನಾನೂ ಬಹಳ ವರ್ಷ ಹಾಗೇ ಬಂದಿದ್ದೆ. ಆಮೇಲೆ ಒಂದು ಭಾನುವಾರ ಬೆಳಿಗ್ಗೆ, ಅಂಗಡಿ ಯಾವುದೂ ತೆರೆಯದ ಹೊತ್ತಲ್ಲಿ ಅಲ್ಲಿ ನಡೆದೆ. ಹಳೇ ಮನೆಗಳ ಮುಂದೆ ಎಲ್ಲ ಮೆಟ್ಟಿಲು. ಮೂರು ಇದ್ದವು, ಕೆಲವು ಕಡೆ ನಾಲ್ಕೂ ಇದ್ದವು. ತಗ್ಗು ಜಾಗ ಅಲ್ಲ, ನೀರು ನುಗ್ಗುವ ಭಯವೂ ಇಲ್ಲ. ಮತ್ತೆ ಯಾಕೆ ಇಷ್ಟು ಎತ್ತರ ಅನ್ನುವ ಪ್ರಶ್ನೆ ಕಾಡಿತು.

ಇಲಿಗೆ ಹೆದರಿ ಎತ್ತರ ಮಾಡಿದ್ದರು. ಈ ಬಡಾವಣೆ ಹುಟ್ಟಿದ್ದೇ ಪ್ಲೇಗಿನ ಭಯದಿಂದ. ಇದೊಂದು ಗೊತ್ತಿದ್ದರೆ ಫ್ರೇಜರ್ ಟೌನಿನ ಬೀದಿ, ಗೋಡೆ, ಕಿಟಕಿ ಎಲ್ಲ ಬೇರೆ ಥರ ಕಾಣುತ್ತವೆ. ಒಂದು ಬೆಳಿಗ್ಗೆಯಲ್ಲಿ ಅದನ್ನು ನೋಡಿ ಬರುವುದು ಹೇಗೆ ಅಂತ ಇಲ್ಲಿ ಬರೆಯುತ್ತಿದ್ದೇನೆ. ದಂಡಿನ, ಅಂದರೆ ಹಳೇ ಕಂಟೋನ್ಮೆಂಟಿನ ಕಡೆಯ ಬೇರೆ ಹಳೇ ಬಡಾವಣೆಗಳಿಗೂ ಇದೇ ದಾರಿ ಹಿಡಿಯಬಹುದು.

ಹೊರಡುವ ಮುಂಚೆ ನಾಲ್ಕು ಇಸವಿ

ಜಾಸ್ತಿ ಓದಿಕೊಂಡು ಹೋಗಬೇಕಿಲ್ಲ. ನಾಲ್ಕು ಇಸವಿ ತಲೆಯಲ್ಲಿದ್ದರೆ ಸಾಕು.

1809. ಟಿಪ್ಪು ಸುಲ್ತಾನ್ 1799ರಲ್ಲಿ ಸತ್ತ ಮೇಲೆ ಬ್ರಿಟಿಷ್ ಪಡೆ ಶ್ರೀರಂಗಪಟ್ಟಣದಲ್ಲಿ ಬೀಡು ಬಿಟ್ಟಿತ್ತು. ಅಲ್ಲಿ ಸೊಳ್ಳೆ, ಜ್ವರ. ಸಿಪಾಯಿಗಳು ಒಬ್ಬರ ಹಿಂದೆ ಒಬ್ಬರು ಹಾಸಿಗೆ ಹಿಡಿದರು. ಹಾಗಾಗಿ ಪಡೆಯನ್ನು ಬೆಂಗಳೂರಿಗೆ ತಂದರು. ಹಳೇ ಪೇಟೆಯ ಪೂರ್ವಕ್ಕೆ, ಹಲಸೂರಿನ ಆಸುಪಾಸಿನಲ್ಲಿ ದಂಡು ಬೆಳೆಯಿತು. ಸೈನ್ಯದ ಹಿಂದೆ ಮದ್ರಾಸ್ ಕಡೆಯಿಂದ ಕಂಟ್ರಾಕ್ಟರುಗಳು, ಅಡುಗೆಯವರು, ದರ್ಜಿಗಳು, ಕುದುರೆ ನೋಡಿಕೊಳ್ಳುವವರು ಬಂದರು. ಈ ಕಡೆ ಇವತ್ತಿಗೂ ತಮಿಳು ಅಷ್ಟು ಕೇಳಿಸುವುದಕ್ಕೆ ಬೇರು ಅಲ್ಲಿದೆ.

1881. ಆ ವರ್ಷ ಮೈಸೂರು ರಾಜ್ಯವನ್ನು ಬ್ರಿಟಿಷರು ಒಡೆಯರಿಗೆ ಮರಳಿ ಕೊಟ್ಟರು. ಆದರೆ ದಂಡಿನ ಪ್ರದೇಶವನ್ನು ತಮ್ಮಲ್ಲೇ ಇಟ್ಟುಕೊಂಡರು. ಅದಕ್ಕೆ ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ ಅಂತ ಹೆಸರು. ಕಬ್ಬನ್ ಪಾರ್ಕಿನ ಆ ಕಡೆ ಪೇಟೆ, ಈ ಕಡೆ ದಂಡು. ಊರು ಒಂದೇ, ಸರ್ಕಾರ ಎರಡು, ಮುನ್ಸಿಪಾಲಿಟಿಯೂ ಎರಡು.

1898. ಪ್ಲೇಗ್ ಬಂತು. ಅದಕ್ಕೆ ಮುಂದೆ ಬರುತ್ತೇನೆ.

1947. ಸ್ವಾತಂತ್ರ್ಯಕ್ಕೆ ಕೆಲವೇ ದಿನ ಮುಂಚೆ, ಜುಲೈ ಕೊನೆಯಲ್ಲಿ, ದಂಡು ಮೈಸೂರಿಗೆ ವಾಪಸ್ ಬಂತು. 1949ರಲ್ಲಿ ಎರಡೂ ಸೇರಿ ಒಂದೇ ನಗರಪಾಲಿಕೆ ಆಯಿತು. ಅಂದರೆ ಫ್ರೇಜರ್ ಟೌನ್ ಹುಟ್ಟಿದಾಗ ಅದು ಮೈಸೂರು ಮಹಾರಾಜರ ಆಡಳಿತಕ್ಕೆ ಸೇರಿದ್ದ ಜಾಗ ಆಗಿರಲಿಲ್ಲ. ಇದನ್ನು ಮರೆತರೆ ಅಲ್ಲಿನ ಹೆಸರುಗಳು, ಭಾಷೆಗಳು ಯಾವುದೂ ಅರ್ಥ ಆಗುವುದಿಲ್ಲ.

ಪ್ಲೇಗಿನ ಕಥೆ ಸ್ವಲ್ಪ ಗೊತ್ತಿರಲಿ

1898ರ ಆಗಸ್ಟಿನಲ್ಲಿ ರೈಲು ದಾರಿ ಹಿಡಿದು ಹುಬ್ಬಳ್ಳಿ ಕಡೆಯಿಂದ ರೋಗ ಬೆಂಗಳೂರಿಗೆ ಬಂತು. ಸಾವಿರಾರು ಜನ ಸತ್ತರು. ನಮ್ಮ ಹಳ್ಳಿಗಳಲ್ಲಿ ಅಜ್ಜ ಅಜ್ಜಿಯರು ಹೇಳುತ್ತಿದ್ದರಲ್ವಾ, ಪ್ಲೇಗ್ ಬಂದಾಗ ಮನೆಗೆ ಬೀಗ ಹಾಕಿ ಹೊಲದಲ್ಲಿ ಗುಡಿಸಲು ಹಾಕಿಕೊಂಡು ಇದ್ದೆವು ಅಂತ. ನಗರದಲ್ಲೂ ಹಾಗೇ ಆಯಿತು. ಊರ ಹೊರಗೆ ಶೆಡ್ಡುಗಳು ಎದ್ದವು. ಬೆಂಗಳೂರಿನ ಹಳೇ ಬೀದಿಗಳಲ್ಲಿ ಪ್ಲೇಗಮ್ಮನ ಗುಡಿಗಳು ಈಗಲೂ ಸಿಗುತ್ತವೆ.

ಪೇಟೆ ಕಡೆ ಮೈಸೂರು ಸರ್ಕಾರ ಬಸವನಗುಡಿ, ಮಲ್ಲೇಶ್ವರ ಬಡಾವಣೆ ಮಾಡಿತು. ದಂಡಿನ ಕಡೆ ಬ್ರಿಟಿಷ್ ಆಡಳಿತ ಒಂದಷ್ಟು ವರ್ಷ ತಡವಾಗಿ ಫ್ರೇಜರ್ ಟೌನ್ ಮಾಡಿತು. 1906ರ ಸುಮಾರಿಗೆ ಕೆಲಸ ಶುರುವಾಗಿ 1910ರ ಹೊತ್ತಿಗೆ ಒಂದು ರೂಪಕ್ಕೆ ಬಂತು. ನಕ್ಷೆ ಹಾಕಿದವರು ಅಲ್ಲಿನ ಮುನ್ಸಿಪಾಲಿಟಿಯ ಎಂಜಿನಿಯರ್ ಜೆ.ಎಚ್. ಸ್ಟೀಫನ್ಸ್. ಪ್ಲೇಗ್ ನುಗ್ಗದ ಊರು ಕಟ್ಟುವುದು ಹೇಗೆ ಅಂತ ಅವರು 1914ರಲ್ಲಿ ಒಂದು ಪುಸ್ತಕವನ್ನೇ ಬರೆದರು.

ಈ ತಡ ಆಗಿದ್ದರಿಂದಲೇ ಫ್ರೇಜರ್ ಟೌನ್ ನನಗೆ ವಿಶೇಷ ಅನ್ನಿಸುವುದು. 1898ರಲ್ಲಿ ಪ್ಲೇಗ್ ಹೇಗೆ ಹರಡುತ್ತದೆ ಅನ್ನುವುದು ಇನ್ನೂ ಇತ್ಯರ್ಥ ಆಗಿರಲಿಲ್ಲ. ಕೊಳಕಿನಿಂದ, ಕೆಟ್ಟ ಗಾಳಿಯಿಂದ, ಕತ್ತಲೆ ಕೋಣೆಯಿಂದ ಅಂತ ಜನ ನಂಬಿದ್ದರು. ಇಲಿಯ ಮೈಮೇಲಿನ ಚಿಗಟ ರೋಗ ಹರಡುತ್ತದೆ ಅಂತ ಫ್ರಾನ್ಸಿನ ಪಾಲ್ ಲೂಯಿ ಸಿಮೊಂಡ್ ಅದೇ ವರ್ಷ ಕರಾಚಿಯಲ್ಲಿ ತೋರಿಸಿದರು, ಆದರೆ ಬಹಳ ಜನ ಒಪ್ಪಲಿಲ್ಲ. 1905ರಿಂದ ಮುಂಬೈಯಲ್ಲಿ ನಡೆದ ಪ್ರಯೋಗಗಳ ಮೇಲೆ ಅದು ಗಟ್ಟಿಯಾಯಿತು. ಫ್ರೇಜರ್ ಟೌನ್ ಕಟ್ಟಿದ್ದು ಸರಿಯಾಗಿ ಆ ಹೊತ್ತಲ್ಲಿ. ಹಾಗಾಗಿ ಅಲ್ಲಿನ ಮನೆಗಳಲ್ಲಿ ಎರಡೂ ಭಯ ಒಟ್ಟಿಗೆ ಕಾಣುತ್ತವೆ. ಗಾಳಿಯ ಭಯಕ್ಕೆ ಗವಾಕ್ಷಿ, ಇಲಿಯ ಭಯಕ್ಕೆ ಗಟ್ಟಿ ನೆಲ.

ಎಲ್ಲಿಂದ ಶುರು ಮಾಡಬೇಕು

ಭಾನುವಾರ ಬೆಳಿಗ್ಗೆ ಏಳಕ್ಕೆ ಹೋಗಿ. ಟ್ರಾಫಿಕ್ ಇರುವುದಿಲ್ಲ, ರಸ್ತೆ ಮಧ್ಯೆ ನಿಂತು ಕತ್ತೆತ್ತಿ ನೋಡಬಹುದು. ನೀರು, ಒಂದು ಸಣ್ಣ ನೋಟ್‌ಬುಕ್ ಇದ್ದರೆ ಸಾಕು.

ರೈಲಿನಲ್ಲಿ ಬರುವುದಾದರೆ ಕಂಟೋನ್ಮೆಂಟ್ ಸ್ಟೇಷನ್ನಿನಲ್ಲಿ ಇಳಿಯಿರಿ. ಅಲ್ಲಿನ ಬೋರ್ಡಿನ ಕನ್ನಡ ಅಕ್ಷರ ಒಮ್ಮೆ ಓದಿ. 'ಬೆಂಗಳೂರು ದಂಡು' ಅಂತ ಇರುತ್ತದೆ. 1864ರಲ್ಲಿ ಜೋಲಾರಪೇಟೆ ಕಡೆಯಿಂದ ರೈಲು ಮೊದಲು ಬಂದು ನಿಂತಿದ್ದು ಪೇಟೆಯಲ್ಲಲ್ಲ, ಈ ದಂಡಿನಲ್ಲಿ. ಕಂಟೋನ್ಮೆಂಟ್ ಅನ್ನುವ ಉದ್ದದ ಮಾತಿಗೆ ನಮ್ಮವರು ಇಟ್ಟ ಪುಟ್ಟ ಹೆಸರು ಅದು. ನನಗೆ ಬಹಳ ಇಷ್ಟ.

ಅಲ್ಲಿಂದ ಆಟೋ ಹಿಡಿದು ಕೋಲ್ಸ್ ಪಾರ್ಕಿಗೆ ಬನ್ನಿ. ನಡಿಗೆಗೆ ಇದೇ ಒಳ್ಳೇ ಶುರು. ಪಾರ್ಕಿನ ಸುತ್ತ ಒಂದು ಸುತ್ತು ಹಾಕಿ, ಹತ್ತಿರದ ಪ್ರಾಮಿನೇಡ್ ರೋಡಿಗೆ ಹೋಗಿ. ಪ್ರಾಮಿನೇಡ್ ಅಂದರೆ ಸುಮ್ನೆ ಅಡ್ಡಾಡುವ ದಾರಿ ಅಂತ ಅರ್ಥ. ಈಗ ಅಲ್ಲಿ ಅಡ್ಡಾಡೋದು ಕಷ್ಟ, ಬೆಳಿಗ್ಗೆ ಏಳಕ್ಕೆ ಮಾತ್ರ ಆ ಹೆಸರಿಗೆ ಅರ್ಥ ಬರುತ್ತದೆ.

ಈ ಭಾಗ ಕ್ಲೀವ್‌ಲ್ಯಾಂಡ್ ಟೌನ್. ಇದು ಫ್ರೇಜರ್ ಟೌನಿಗಿಂತ ಹಳೆಯದು. 1858ರ ಸೇಂಟ್ ಜಾನ್ಸ್ ಚರ್ಚ್ ಇಲ್ಲಿದೆ. ನಿವೃತ್ತಿಯಾದ ಯುರೋಪಿಯನ್ ಸಿಪಾಯಿಗಳು ಈ ಗುಡ್ಡದ ಮೇಲೆ ಮನೆ ಮಾಡಿಕೊಂಡಿದ್ದರು. ಅಲ್ಲೇ ಹತ್ತಿರ ಸೇಂಟ್ ಫ್ರಾನ್ಸಿಸ್ ಝೇವಿಯರ್ ಕೆಥೆಡ್ರಲ್. 1911ರಲ್ಲಿ ಶುರುವಾದ ಕೆಲಸ ಮುಗಿದಿದ್ದು 1932ರಲ್ಲಿ, ಇಪ್ಪತ್ತು ವರ್ಷಕ್ಕೂ ಜಾಸ್ತಿ. ಪೂಜೆ ನಡೆಯುತ್ತಿದ್ದರೆ ಒಳಗೆ ಹೋಗಬೇಡಿ. ಹೊರಗಿನ ಗೋಡೆ ಹತ್ತಿರ ನಿಂತು ಕಲ್ಲಿನ ಮೇಲೆ ಕೈ ಇಡಿ. ನಮ್ಮ ಸುತ್ತಮುತ್ತಲಿನ ಅದೇ ಬೂದು ಬಣ್ಣದ ಕಲ್ಲು. ಆಕಾರ ಯುರೋಪಿನದು, ಮೈ ನಮ್ಮ ಕಲ್ಲುಕ್ವಾರಿಯದು.

ರಸ್ತೆ ಬೋರ್ಡು ಓದುತ್ತಾ ನಡೆಯಿರಿ

ಇನ್ನು ಫ್ರೇಜರ್ ಟೌನಿನ ಒಳಗೆ ಬನ್ನಿ. ಕಂಡ ರಸ್ತೆಗಳ ಹೆಸರೆಲ್ಲ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಕೋಲ್ಸ್, ಹೇನ್ಸ್, ಸಾಂಡರ್ಸ್, ರಾಬರ್ಟ್‌ಸನ್, ಸ್ಪೆನ್ಸರ್. ಇವುಗಳ ಜೊತೆಗೇ ಎಂ.ಎಂ. ರೋಡ್ ಬರುತ್ತದೆ, ಅಂದರೆ ಮಾಧವರಾಯ ಮುದಲಿಯಾರ್ ರೋಡ್. ಮಾಸ್ಕ್ ರೋಡ್ ಬರುತ್ತದೆ. ಸ್ಟೀಫನ್ಸ್ ರೋಡ್ ಬಂದಾಗ ಒಂದು ನಿಮಿಷ ನಿಲ್ಲಿ. ನಕ್ಷೆ ಹಾಕಿದ ಎಂಜಿನಿಯರ್ ಹೆಸರು ಅವರೇ ಮಾಡಿದ ಊರಿನ ಒಂದು ರಸ್ತೆಗೆ ಉಳಿದಿದೆ.

ಬಡಾವಣೆಗೆ ಹೆಸರು ಕೊಟ್ಟ ಫ್ರೇಜರ್ ಯಾರು? ಸ್ಟೂವರ್ಟ್ ಮಿಟ್‌ಫರ್ಡ್ ಫ್ರೇಜರ್. ನಾಲ್ವಡಿ ಕೃಷ್ಣರಾಜ ಒಡೆಯರು ಹುಡುಗರಾಗಿದ್ದಾಗ ಅವರಿಗೆ ಪಾಠ ಹೇಳಿದ ಗುರು, ಪೋಷಕ. ಆಮೇಲೆ ಮೈಸೂರಿನ ರೆಸಿಡೆಂಟ್, ಅಂದರೆ ಬ್ರಿಟಿಷ್ ಸರ್ಕಾರದ ಪ್ರತಿನಿಧಿ ಆಗಿ ವಾಪಸ್ ಬಂದರು.

ಈಗ ಸರ್ಕಾರಿ ಹೆಸರು ಪುಲಕೇಶಿನಗರ. ವಿಧಾನಸಭಾ ಕ್ಷೇತ್ರಕ್ಕೂ ಅದೇ ಹೆಸರು. ಬಾದಾಮಿ ಚಾಲುಕ್ಯರ ಇಮ್ಮಡಿ ಪುಲಕೇಶಿ, ಹರ್ಷವರ್ಧನನನ್ನು ನರ್ಮದೆಯ ಹತ್ತಿರ ತಡೆದ ರಾಜ. ಆದರೆ ಆಟೋದವರಿಗೆ ಪುಲಕೇಶಿನಗರ ಅಂದು ನೋಡಿ, ಬಹಳ ಸಲ "ಫ್ರೇಜರ್ ಟೌನಾ ಸಾರ್?" ಅಂತ ತಿರುಗಿ ಕೇಳುತ್ತಾರೆ. ಎರಡು ಹೆಸರೂ ಇರಲಿ ಅನ್ನುವುದು ನನ್ನ ಅಭಿಪ್ರಾಯ. ಒಂದನ್ನು ಅಳಿಸಿದರೆ ಪ್ಲೇಗಿನ ಕಥೆಯ ಒಂದು ತುದಿ ಕೈತಪ್ಪುತ್ತದೆ. ಇನ್ನೊಂದನ್ನು ಅಳಿಸಿದರೆ ಇದು ಕನ್ನಡನಾಡಿನ ಜಾಗ ಅಂತ ಹೇಳಿಕೊಂಡ ಮಾತು ಹೋಗುತ್ತದೆ.

ಒಂದು ಮನೆ ಮುಂದೆ ಹತ್ತು ನಿಮಿಷ

ಇದೇ ಈ ನಡಿಗೆಯ ಮುಖ್ಯ ಕೆಲಸ. ಇಪ್ಪತ್ತು ಮನೆ ಓಡುತ್ತಾ ನೋಡುವ ಬದಲು ಒಂದೇ ಮನೆಯನ್ನು ಸರಿಯಾಗಿ ನೋಡಿ. ಒಳಬೀದಿಗಳಲ್ಲಿ ಅಪಾರ್ಟ್‌ಮೆಂಟುಗಳ ಮಧ್ಯೆ ಒಂದೋ ಎರಡೋ ಹಳೇ ಮನೆ ಸಿಕ್ಕೇ ಸಿಗುತ್ತದೆ. ಗೇಟಿನ ಹೊರಗೇ ನಿಲ್ಲಿ. ಕೆಳಗಿನಿಂದ ಮೇಲಕ್ಕೆ ನೋಡುತ್ತಾ ಹೋಗಿ.

ಮೊದಲು ಪಾಯ. ನೆಲದಿಂದ ಎಷ್ಟು ಎತ್ತರ ಇದೆ, ಎಷ್ಟು ಮೆಟ್ಟಿಲು ಅಂತ ಎಣಿಸಿ. ಕೆಳಗೆ ಕಾಣುವುದು ಕಲ್ಲಾ, ಇಟ್ಟಿಗೆಯಾ? ಆಗಿನ ಪೇಟೆಯ ಹಳೇ ಮನೆಗಳು ಮಣ್ಣಿನ ಗೋಡೆ, ಮಣ್ಣಿನ ನೆಲ. ಒಳಗೆ ಕಾಳಿನ ಮೂಟೆ. ಇಲಿಗೆ ಇನ್ನೇನು ಬೇಕು? ಗೋಡೆಯ ಬುಡ ಕೊರೆದರೆ ಬಿಲ, ಬಿಲದಾಚೆ ಪಕ್ಕದ ಮನೆ. ಕಲ್ಲು, ಗಾರೆ ಹಾಕಿ ಎತ್ತರ ಮಾಡಿದ ಪಾಯವನ್ನು ಅದು ಕೊರೆಯಲಾರದು.

ಆಮೇಲೆ ಅಕ್ಕಪಕ್ಕ. ಮನೆಗೂ ಕಾಂಪೌಂಡಿಗೂ ಮಧ್ಯೆ ಜಾಗ ಬಿಟ್ಟಿದ್ದಾರಾ ನೋಡಿ. ಪೇಟೆಯಲ್ಲಿ ಎರಡು ಮನೆಗೆ ಒಂದೇ ಗೋಡೆ ಇರುವುದು ಸಾಮಾನ್ಯ. ಇಲ್ಲಿ ಮನೆಗೆ ಮನೆ ತಾಗಬಾರದು, ಸುತ್ತ ಬಿಸಿಲು ಗಾಳಿ ಓಡಾಡಬೇಕು ಅನ್ನುವುದೇ ಯೋಚನೆ. ಇವತ್ತು ಗಿಡ ನೆಟ್ಟಿರುವ, ಸ್ಕೂಟರ್ ನಿಲ್ಲಿಸಿರುವ ಆ ಸಣ್ಣ ಜಾಗ ರೋಗ ಪಕ್ಕದ ಮನೆಗೆ ದಾಟದಿರಲಿ ಅಂತ ಬಿಟ್ಟಿದ್ದು.

ಈಗ ಕಿಟಕಿ. ಕಿಟಕಿಯ ಮೇಲೆ, ತಾರಸಿಗೆ ಸ್ವಲ್ಪ ಕೆಳಗೆ, ಸಣ್ಣ ಗವಾಕ್ಷಿ ಇರುತ್ತದೆ. ಬಿಸಿ ಗಾಳಿ ಮೇಲೇರಿ ಅಲ್ಲಿಂದ ಆಚೆ ಹೋಗುತ್ತದೆ, ಕಿಟಕಿಯಿಂದ ತಂಪು ಗಾಳಿ ಒಳಗೆ ಬರುತ್ತದೆ. ಫ್ಯಾನ್ ಇಲ್ಲದ ಕಾಲದ ಲೆಕ್ಕಾಚಾರ. ಕಿಟಕಿಯ ನೆತ್ತಿಗೆ ಮರದ ಪಟ್ಟಿ ಜೋಡಿಸಿದ ಚೂಪು ಟೋಪಿ ಥರದ್ದು ಇದ್ದರೆ ಅದು ಮಂಕಿ ಟಾಪ್. ಬೆಂಗಳೂರು ಬಂಗಲೆಗಳ ಗುರುತು. ಬಿಸಿಲು ಮಳೆ ತಡೆಯುತ್ತದೆ, ಗಾಳಿ ಬಿಡುತ್ತದೆ.

ಕೊನೆಗೆ ಮಾಡು. ಮಂಗಳೂರು ಹೆಂಚಾ, ತಾರಸಿಯಾ? ತಾರಸಿ ಆಗಿದ್ದರೆ ಅದು ಮದ್ರಾಸ್ ತಾರಸಿ ಇರಬಹುದು. ಮರದ ತೊಲೆಗಳ ಮೇಲೆ ತೆಳು ಇಟ್ಟಿಗೆಗಳನ್ನು ಓರೆಯಾಗಿ, ಒತ್ತೊತ್ತಾಗಿ ನಿಲ್ಲಿಸಿ ಸುಣ್ಣದ ಗಾರೆ ಹಾಕುವ ಕೆಲಸ. ಹೊರಗಿನಿಂದ ಗೊತ್ತಾಗುವುದಿಲ್ಲ, ವರಾಂಡದಲ್ಲಿ ಕತ್ತೆತ್ತಿದರೆ ತೊಲೆಗಳ ಸಾಲು ಕಾಣುತ್ತದೆ.

ಒಂದು ಸಲ ನಾನು ಹೀಗೇ ಗೇಟಿನ ಹೊರಗೆ ನಿಂತು ಮೆಟ್ಟಿಲು ಎಣಿಸುತ್ತಿದ್ದೆ. ಗಿಡಕ್ಕೆ ನೀರು ಹಾಕುತ್ತಿದ್ದ ವಯಸ್ಸಾದ ಆಂಟಿಯೊಬ್ಬರು ಏನಪ್ಪಾ ಬೇಕಿತ್ತು ಅಂದರು. ಆಂಟಿ, ಮನೆ ಚೆನ್ನಾಗಿದೆ, ಅದಕ್ಕೇ ನೋಡುತ್ತಿದ್ದೆ ಅಂದೆ. ಒಳಗೆ ಕರೆದರು. ಕೆಂಪು ಗಾರೆ ನೆಲ, ಎಷ್ಟೋ ವರ್ಷ ಒರೆಸಿ ಒರೆಸಿ ಕನ್ನಡಿ ಥರ ಆಗಿತ್ತು. ಬಾಗಿಲ ಹತ್ತಿರ ಮಾತ್ರ ಬಣ್ಣ ಮಾಸಿತ್ತು, ಮನೆಯವರೆಲ್ಲ ಚಪ್ಪಲಿ ಬಿಡುವ ಜಾಗ. ಸ್ಟೋರ್ ರೂಮಿನ ಗವಾಕ್ಷಿಗೆ ಸಣ್ಣ ಕಣ್ಣಿನ ತಂತಿಬಲೆ ಹೊಡೆದಿದ್ದರು, ತುಕ್ಕು ಹಿಡಿದಿತ್ತು. ಇದು ಯಾಕೆ ಆಂಟಿ ಅಂದೆ. "ಇಲಿ ಬರಬಾರದು ಅಂತ ನಮ್ಮ ಮಾವನವರು ಯಾವಾಗಲೂ ಹೇಳ್ತಿದ್ದರು. ಬಲೆ ಹರಿದರೆ ಅವತ್ತೇ ಹೊಸದು ಹಾಕಿಸ್ತಿದ್ದರು" ಅಂದರು. ಪ್ಲೇಗಿನ ಮಾತೇ ಅವರು ಎತ್ತಲಿಲ್ಲ. ಭಯ ಮರೆತುಹೋಗಿತ್ತು, ಅಭ್ಯಾಸ ಉಳಿದಿತ್ತು.

ಹಿಂದಿನ ಗಲ್ಲಿಗೂ ಹೋಗಿ

ಮುಂದಿನ ರಸ್ತೆ ಮಾತ್ರ ನೋಡಿ ಬಂದರೆ ಅರ್ಧ ನೋಡಿದ ಹಾಗೆ. ಮನೆಗಳ ಬೆನ್ನಿಗೆ ಸಣ್ಣ ಗಲ್ಲಿಗಳಿವೆಯಾ ಹುಡುಕಿ. ಕನ್ಸರ್ವೆನ್ಸಿ ಅಂತ ಕರೆಯುವ ಈ ಗಲ್ಲಿಗಳು ಮಲ್ಲೇಶ್ವರ, ಬಸವನಗುಡಿಯಲ್ಲೂ ಇವೆ. ಒಳಚರಂಡಿ ಬರುವ ಮುಂಚೆ ಪಾಯಿಖಾನೆ ಮನೆಯ ಹಿಂದೆ ಇರುತ್ತಿತ್ತು. ಮಲ ಎತ್ತುವವರು ಈ ಗಲ್ಲಿಯಿಂದ ಬಂದು, ಈ ಗಲ್ಲಿಯಿಂದಲೇ ಹೋಗಬೇಕಿತ್ತು. ಮುಂದಿನ ರಸ್ತೆಯಲ್ಲಿ ಅವರು ಕಾಣಬಾರದು. ಊರು ಚೊಕ್ಕ ಆಗಿದ್ದು ಅವರ ಕೈಯಿಂದ, ಆದರೆ ಒಂದು ಬೀದಿಗೂ ಅವರ ಹೆಸರಿಲ್ಲ. ಅಲ್ಲಿ ನಿಂತಾಗ ನನಗೆ ಬಂಗಲೆಗಳ ಅಂದ ಸ್ವಲ್ಪ ಹೊತ್ತು ಮರೆತುಹೋಗುತ್ತದೆ.

ಈಗ ಕೆಲವು ಗಲ್ಲಿ ಒತ್ತುವರಿ ಆಗಿವೆ, ಕೆಲವು ಪಾರ್ಕಿಂಗ್ ಆಗಿವೆ. ಹಳೇ ಮನೆ ಕೆಡವಿದ ಕಡೆ ಹೆಂಚಿನ ರಾಶಿ ಬಿದ್ದಿದ್ದರೆ, ಅಲ್ಲಿರುವವರನ್ನು ಕೇಳಿ ಒಂದು ಹೆಂಚು ತಿರುಗಿಸಿ ನೋಡಿ. ಹಿಂಬದಿಯಲ್ಲಿ ಕಾರ್ಖಾನೆಯ ಅಚ್ಚು ಇರುತ್ತದೆ. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಅಲ್ಲಿ ಇನ್ನೂ ಹಲವು ಕಾರ್ಖಾನೆ ಬಂದವು. ಅಚ್ಚಿನ ಫೋಟೋ ತೆಗೆದುಕೊಂಡರೆ ಆ ಮನೆಯ ಮಾಡು ಎಲ್ಲಿಂದ ಬಂತು ಅನ್ನುವುದು ಕೈಗೆ ಸಿಕ್ಕ ಹಾಗೆ.

ಮಾಸ್ಕ್ ರೋಡಿನಲ್ಲಿ ಮುಗಿಸಿ

ಈ ಹೊತ್ತಿಗೆ ಹಸಿವಾಗಿರುತ್ತದೆ. ಮಾಸ್ಕ್ ರೋಡಿಗೆ ಹೆಸರು ಬಂದಿದ್ದು ಹಾಜಿ ಸರ್ ಇಸ್ಮಾಯಿಲ್ ಸೇಟ್ ಮಸೀದಿಯಿಂದ. ಸೇಟ್ ಅವರು ದಂಡಿನ ದೊಡ್ಡ ವ್ಯಾಪಾರಿ, ಕಚ್ಛಿ ಮೇಮನ್ ಸಮುದಾಯದವರು. ಶಿವಾಜಿನಗರದ ಗೋಷಾ ಆಸ್ಪತ್ರೆಗೂ ಇವರದೇ ಹೆಸರು. ಪರದೆಯಲ್ಲಿರುವ ಹೆಣ್ಣುಮಕ್ಕಳು ಸಂಕೋಚ ಇಲ್ಲದೆ ಬರಲಿ ಅಂತ ಮಾಡಿದ ಆಸ್ಪತ್ರೆ ಅದು. ಅದೇ ರಸ್ತೆಯಲ್ಲಿ ಆಲ್ಬರ್ಟ್ ಬೇಕರಿ ಇದೆ, 1902ರದು. ಬಡಾವಣೆಗಿಂತ ಬೇಕರಿಗೇ ವಯಸ್ಸು ಜಾಸ್ತಿ! ಖೋವಾ ನಾನ್ ಸಿಕ್ಕರೆ ಬಿಡಬೇಡಿ.

ತಿನ್ನುವಾಗ ಸುಮ್ನೆ ಕಿವಿ ಕೊಡಿ. ಕೌಂಟರಿನಲ್ಲಿ ದಖನಿ ಉರ್ದು, ಪಕ್ಕದವರ ಬಾಯಲ್ಲಿ ತಮಿಳು, ಶಾಲೆ ಮಕ್ಕಳದು ಇಂಗ್ಲಿಷು, ಹಾಲಿನವರದು ಕನ್ನಡ. ಒಬ್ಬರೇ ಒಂದು ವಾಕ್ಯ ಮುಗಿಸುವುದರಲ್ಲಿ ಮೂರು ಭಾಷೆ ದಾಟುತ್ತಾರೆ. 1809ರಿಂದ ಬಂದವರೆಲ್ಲ ಬಿಟ್ಟುಹೋದ ಮಾತು ಇದು.

ಮಾತಾಡಿಸುವಾಗ, ಬರೆದಿಡುವಾಗ

ಹಿರಿಯರನ್ನು ಮಾತಾಡಿಸಿ, ಆದರೆ ಆಸ್ತಿಯ ವಿಷಯ ಎತ್ತಬೇಡಿ. ಈ ಮನೆಗೆ ಎಷ್ಟು ಬೆಲೆ, ಬಿಲ್ಡರ್ ಬಂದಿದ್ದರಾ ಅಂತ ಕೇಳಿದ ತಕ್ಷಣ ಮಾತು ನಿಲ್ಲುತ್ತದೆ. ಅದು ಅವರಿಗೆ ದಿನಾ ಇರುವ ತಲೆನೋವು. ಬದಲಿಗೆ ಹಳೇ ದಿನಗಳ ಅಡುಗೆಮನೆ ಹೇಗಿತ್ತು, ನೀರು ಎಲ್ಲಿಂದ ತರುತ್ತಿದ್ದರು, ಶಾಲೆಗೆ ಯಾವ ದಾರಿಯಲ್ಲಿ ಹೋಗುತ್ತಿದ್ದರು ಅಂತ ಕೇಳಿ. ಮನೆಯ ಫೋಟೋ ತೆಗೆಯುವ ಮುಂಚೆ ಕೇಳಿ. ಬೇಡ ಅಂದರೆ ಕ್ಯಾಮೆರಾ ಒಳಗಿಡಿ. ತೆಗೆದ ಫೋಟೋ ಹಾಕುವಾಗ ಮನೆ ನಂಬರ್, ಮಾಲೀಕರ ಹೆಸರು ಬೇಡ.

ಮನೆಗೆ ಬಂದ ಮೇಲೆ ಅವತ್ತೇ ಬರೆದಿಡಿ. ರಸ್ತೆ, ತಾರೀಖು, ಮೆಟ್ಟಿಲು ಎಷ್ಟು, ಮಾಡು ಯಾವುದು, ಗವಾಕ್ಷಿ ಇದೆಯಾ, ಯಾರು ಏನಂದರು. ಇನ್ನೂ ಆಳಕ್ಕೆ ಇಳಿಯುವ ಮನಸ್ಸಿದ್ದರೆ ಬೆಂಗಳೂರಿನ ಕರ್ನಾಟಕ ರಾಜ್ಯ ಪತ್ರಾಗಾರಕ್ಕೆ ಹೋಗಿ. ಮೈಸೂರು ಸರ್ಕಾರದ ಹಳೇ ಕಡತಗಳು ಅಲ್ಲಿವೆ. ಪರಂಪರೆ ಉಳಿಸುವ ಕೆಲಸ ಮಾಡುವ ಇಂಟ್ಯಾಕ್ ಸಂಸ್ಥೆಯ ಬೆಂಗಳೂರು ಘಟಕದವರು ಹಳೇ ಕಟ್ಟಡಗಳ ಪಟ್ಟಿ ಮಾಡುತ್ತಾರೆ, ನಡಿಗೆಗಳನ್ನೂ ಮಾಡಿಸುತ್ತಾರೆ. ಒಬ್ಬರೇ ಹೋಗೋಕೆ ಹಿಂಜರಿಕೆ ಇದ್ದರೆ ಮೊದಲ ಸಲ ಅವರ ಜೊತೆ ಹೋಗಿ ಬನ್ನಿ.

ಆರು ತಿಂಗಳು ಬಿಟ್ಟು ಅದೇ ಬೀದಿಗೆ ಇನ್ನೊಮ್ಮೆ ಹೋಗಿ, ಅದೇ ಜಾಗದಲ್ಲಿ ನಿಂತು ಅದೇ ಫೋಟೋ ತೆಗೆಯಿರಿ. ನಾನು ಮೆಟ್ಟಿಲು ಎಣಿಸಿದ್ದ ಆ ಮನೆ ಈಗ ಇಲ್ಲ. ತಗಡಿನ ಬೇಲಿ ಹಾಕಿ ಆಳಕ್ಕೆ ಅಗೆದಿದ್ದಾರೆ. ಗೇಟಿನ ಒಂದು ಕಲ್ಲುಕಂಬ ಮಾತ್ರ ನಿಂತಿದೆ. ಅದರ ಬುಡದಲ್ಲಿ ಮೂರು ಮೆಟ್ಟಿಲುಗಲ್ಲನ್ನು ಯಾರೋ ಒಂದರ ಮೇಲೊಂದು ಪೇರಿಸಿಟ್ಟಿದ್ದಾರೆ.